ಮನೆ ಬೇರೆ, ಮ್ಯಾಟ್ ಬೇರೆ

ನಂಜನಗೂಡು
ಶನಿವಾರ, ೨೨ ಫೆಬ್ರುವರಿ ೨೦೨೫
ಇನ್ನೂ ಬೆಳಕು ಹರಿದಿಲ್ಲ

ನಂಜೇಶ್ ಅವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ಹೊಡೆದದ್ದು ನಿಮ್ಮ ಕಣ್ಣಿಗೆ ಬೀಳಲಿ ಎಂದೇ ಹಾಳೆ ಬದಲಿಸಿಲ್ಲ.

ಒಂದೂ ಮುಕ್ಕಾಲಿಗೆ ಎಚ್ಚರವಾಯಿತು. ಹಿತ್ತಲಲ್ಲಿ ನುಗ್ಗೆ ಮರದ ಕೊಂಬೆ ಮುರಿದ ಸದ್ದು. ಗಾಳಿಯಿಲ್ಲ, ಮಳೆಯಿಲ್ಲ, ಕಾಯಿಯ ಭಾರಕ್ಕೆ ತಾನಾಗಿಯೇ ಮುರಿದಿದೆ. ಲಟಕ್ಕನೆ ಒಂದೇ ಸದ್ದು, ಆಮೇಲೆ ಏನೂ ಇಲ್ಲ. ತೊಟ್ಟಿಲಲ್ಲಿ ಮೈತ್ರಿ ಬೆಚ್ಚಿಬಿದ್ದು ಎರಡು ಸಲ ಬಾಯಿ ಚಪ್ಪರಿಸಿ ಮತ್ತೆ ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಸಿದ್ದು ತನ್ನ ಮಂಡಿಯ ಬಗ್ಗೆ ಹೇಳಿದ್ದು ಇದೇ ಸದ್ದನ್ನು. “ನುಗ್ಗೆ ಕೊಂಬೆ ಮುರ್ದಂಗೆ ಒಂದ್ ಸದ್ದಾಯ್ತು ಕಣಕ್ಕ, ಆಮೇಲೆ ನೋವೂ ಇಲ್ಲ, ಕಾಲೂ ಇಲ್ಲ ಅನ್ನಂಗಾಯ್ತು” ಅಂದಿದ್ದ. ಆ ಮಾತನ್ನು ನಿಮ್ಮ ಕಿವಿಗೆ ಹಾಕಿದವಳು ನಾನೇ. ಅದಕ್ಕೇ ಕತ್ತಲಲ್ಲಿ ಎದ್ದು ಕೂತು, ಅಡುಗೆಮನೆಯ ದೀಪದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಫೋನು ಮಾಡಿ ಮಾಡಿ ಸಾಕಾಯಿತು. ಕಬಡ್ಡಿ ಫೈನಲ್ ಹಿಂದಿನ ರಾತ್ರಿ ನಿಮ್ಮ ತಂಡದ ಹುಡುಗರು ರೀಲ್ಸ್ ನೋಡುತ್ತಾ ನಿದ್ದೆಗೆಡಬಾರದು ಎಂದು ಎಲ್ಲರ ಫೋನನ್ನೂ ಆಫ್ ಮಾಡಿಸಿ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತೀರಲ್ಲ, ಮಾದರಿಯಾಗಿರಲಿ ಅಂತ ಮೊದಲು ನಿಮ್ಮದನ್ನೇ ಹಾಕುತ್ತೀರಲ್ಲ, ಆ ನಿಯಮ ನನಗೆ ಬಹಳ ಹಿಡಿಸಿತ್ತು. ಇವತ್ತು ಹಿಡಿಸುತ್ತಿಲ್ಲ. ‘ನೀವು ಕರೆ ಮಾಡಿರುವ ಚಂದಾದಾರರು’ ಎಂದು ಶುರು ಮಾಡುವ ಆ ಹೆಂಗಸು ಎಷ್ಟು ಸಲ ಕೇಳಿದರೂ ಅದೇ ಮರ್ಯಾದೆಯಿಂದ ಹೇಳುತ್ತಾಳೆ. ಅವಳ ಮೇಲೂ ಸಿಟ್ಟು ಬಂತು.

ನಿನ್ನೆ ಮಧ್ಯಾಹ್ನ ನೀವು ಗೇಟಿನ ಹತ್ತಿರ ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಜೀಪು ಹತ್ತಿದಿರಿ. ಉಳಿದರ್ಧ ಇಲ್ಲಿದೆ. ಈ ಸಲ ಪೂರ್ತಿ ಓದಬೇಕು.

ಫೈನಲ್ಲಿಗೆ ಹೊರಡುವ ಮುಂಚೆ ತಂಡದವರೆಲ್ಲ ನಮ್ಮ ಮನೆಯಲ್ಲೇ ಉಣ್ಣುವುದು ಮದುವೆಯಾದಾಗಿನಿಂದ ನೀವು ಇಟ್ಟುಕೊಂಡು ಬಂದ ಪದ್ಧತಿ. ಆಟದ ಮುಂಚೆ ಮುದ್ದೆ, ಹೆಸರುಕಾಳಿನ ಸಾರು. ಗೆದ್ದು ಬಂದರೆ ಕೋಳಿ. ಆ ಕೋಳಿಯನ್ನು ನಾನು ಇದುವರೆಗೂ ಬೇಯಿಸಿಲ್ಲ, ಅದು ಬೇರೆ ಮಾತು. ನಿನ್ನೆಯೂ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮುದ್ದೆ ಕಟ್ಟಿದೆ. ರಾತ್ರಿಯೆಲ್ಲ ಅವಳ ಹಲ್ಲಿನ ಜ್ವರಕ್ಕೆ ಕಣ್ಣು ಮುಚ್ಚಿರಲಿಲ್ಲ, ಆದರೂ ಬೇಸರವಿರಲಿಲ್ಲ. ಆ ಹುಡುಗರು ಸಾಲಾಗಿ ಕೂತು ಉಣ್ಣುವುದನ್ನು ನೋಡಿದರೆ ನನಗೆ ನನ್ನ ಕಾಲೇಜಿನ ದಿನ ನೆನಪಾಗುತ್ತದೆ.

ನಿಮ್ಮ ಎಡ ಕಾರ್ನರ್ ಹುಡುಗ ರಂಗನಾಯಕ ಮತ್ತೊಂದು ಮುದ್ದೆ ಹಾಕಿಸಿಕೊಂಡ. ಪಕ್ಕದಲ್ಲಿದ್ದ ಕೃಷ್ಣ ಸುಮ್ಮನಿರಲಿಲ್ಲ. “ಲೇ ರಂಗ, ಮೂರ್ನೇದು ಕಣ್ಲಾ ಅದು. ನಾಳೆ ಮ್ಯಾಟ್ ಮ್ಯಾಲೆ ನಿನ್ನ ಉಳ್ಳಿಸ್ಕೊಂಡೇ ಓಗ್ಬೇಕು ನಾವು” ಅಂದ. ರಂಗ, “ಬುಡ್ಲಾ, ಆ ನರಸೀಪುರದೋನ್ನ ಕೆಡವಕ್ಕೆ ತೂಕ ಬ್ಯಾಡ್ವಾ?” ಅಂದವನು ನನ್ನ ಕಡೆ ತಿರುಗಿ, ಮಕ್ಕಳು ಪರೀಕ್ಷೆಯ ಅಂಕ ಹೇಳುವ ಹಾಗೆ ಹೇಳಿದ: “ಅಕ್ಕಾ, ಅವ್ನು ಎಡಗಾಲು ಊರಿ ತಿರುಗ್ತಾನಲ್ಲ, ಆಗ ನಾನು ಕಾಲ್ ಇಡ್ಯಕ್ಕೋಗಲ್ಲ. ಸೈಡಿಂದ ಮಂಡಿ ಮ್ಯಾಲೇ ಬೀಳದು. ಒಂದ್ ತಿಂಗ್ಳಿಂದ ಮರಳು ಮೂಟೆ ಮ್ಯಾಲೆ ಬಿದ್ದೂ ಬಿದ್ದೂ ಭುಜ ಕೆತ್ತೋಗದೆ ನೋಡಿ.”

ಶರಟಿನ ಕಾಲರು ಸರಿಸಿ ತೋರಿಸಿದ. ನಿಜವಾಗಿಯೂ ಚರ್ಮ ಕಿತ್ತುಹೋಗಿತ್ತು.

ನನ್ನ ಕೈಯಲ್ಲಿ ಸಾರಿನ ಸೌಟಿತ್ತು. ಮಂಡಿ ಮುರಿದುಹೋದರೆ ಏನಪ್ಪಾ ಅಂತ ಕೇಳಿದೆ. ಅವನು ಬಾಯಿಗಿಟ್ಟ ತುತ್ತು ನುಂಗಿ, “ಅದು ಮೊದ್ಲೇ ಮುರ್ದಿರೋ ಕಾಲಂತಲ್ಲಕ್ಕ, ಸಾ ಹೇಳವ್ರೆ” ಅಂದ.

ಸೌಟು ಹಾಗೇ ನಿಂತಿತು. ಸಾರು ಅವನ ತಟ್ಟೆಗೆ ಬೀಳದೆ ನೆಲಕ್ಕೆ ಬಿತ್ತು. ನೀವು ಬಾಗಿಲ ಬಳಿ ನಿಂತು ಜರ್ಸಿ ಎಣಿಸುತ್ತಿದ್ದಿರಿ. ಕೇಳಿಸಿತು ನಿಮಗೆ. ಕೇಳಿಸಿದ್ದು ನನಗೂ ಕಾಣಿಸಿತು, ಏಕೆಂದರೆ ನೀವು ಎಣಿಸಿದ್ದ ಜರ್ಸಿಗಳನ್ನೇ ಮೊದಲಿನಿಂದ ಮತ್ತೆ ಎಣಿಸಲು ಶುರು ಮಾಡಿದಿರಿ.

ಆ ಹುಡುಗನಿಗೆ, ತಾನು ಬೀಳಬೇಕಾದ ಆ ಮಂಡಿ ತನಗೆ ಮುದ್ದೆ ಬಡಿಸುತ್ತಿರುವವಳ ತಮ್ಮನದು ಎಂಬುದೇ ಗೊತ್ತಿಲ್ಲ. ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ಸೋತರೆ ಭಾಮೈದನಿಗಾಗಿ ಸೋತರು ಅಂತ ಕಾಲೇಜಿನವರು ಆಡಿಕೊಳ್ಳುತ್ತಾರೆ, ಅದಕ್ಕೆ ಹೇಳಿಲ್ಲ ಅಂದಿದ್ದಿರಿ. ಒಪ್ಪಿಕೊಂಡಿದ್ದೆ. ನೀವು ಹೇಳದೆ ಬಿಟ್ಟದ್ದಕ್ಕೆಲ್ಲ ನಾನೇ ಒಂದು ಒಳ್ಳೆಯ ಕಾರಣ ಹುಡುಕಿಕೊಂಡು ಒಪ್ಪಿಕೊಳ್ಳುತ್ತಾ ಬಂದಿದ್ದೇನೆ.

ಗೇಟಿನ ಹತ್ತಿರ ಕೇಳಿದಾಗ ನೀವು ಏನಂದಿರಿ? “ಮಂಡಿ ನೋವಿದ್ದೋನು ಮನೇಲಿರ್ಬೇಕು ಕಣೇ. ಆಡಕ್ಕೆ ಬಂದ್ಮೇಲೆ ಅಳ್ಬಾರ್ದು.” ಅವನು ಅತ್ತಿಲ್ಲ, ಅಳುತ್ತಿರುವವಳು ನಾನು ಅಂದೆ. ಅದಕ್ಕೆ, “ಮನೆ ಬೇರೆ, ಮ್ಯಾಟ್ ಬೇರೆ. ಎರಡನ್ನೂ ಕಲಸ್ಬೇಡ” ಅಂದಿರಿ. ಜೀಪಿನವನು ಹಾರನ್ ಮಾಡಿದ. ಮೈತ್ರಿಯ ಕೆನ್ನೆ ಚಿವುಟಿ ಹತ್ತಿಬಿಟ್ಟಿರಿ. ಆ ಮಾತಿಗೆ ಉತ್ತರ ನನಗೆ ನೆಲದ ಮೇಲಿನ ಸಾರು ಒರೆಸುವಾಗ ಹೊಳೆಯಿತು. ಮನೆ ಬೇರೆ, ಮ್ಯಾಟ್ ಬೇರೆ ಆಗಿದ್ದರೆ, ಮನೆಯಲ್ಲಿ ಹೇಳಿದ ಮಾತು ಮ್ಯಾಟಿಗೆ ಹೇಗೆ ಹೋಯಿತು?

ದೀಪಾವಳಿ ಕಳೆದ ಮೇಲೆ ಸಿದ್ದು ಇಲ್ಲಿಗೆ ಬಂದು, ನೀವು ಕಾಲೇಜಿಗೆ ಹೋದ ಮೇಲೆ ಪ್ಯಾಂಟು ಮಡಿಸಿ ಎಡ ಮಂಡಿ ತೋರಿಸಿದ. ನಾನೇ ಮಗುವನ್ನು ಎತ್ತಿಕೊಂಡು ಅವನ ಜೊತೆ ಮೈಸೂರಿಗೆ ಹೋಗಿದ್ದು. ಒಳಗಿನ ನಾರು ಅರ್ಧ ಹರಿದಿದೆ, ಪಟ್ಟಿ ಬಿಗಿದುಕೊಂಡು ಈ ವರ್ಷ ಹೇಗೋ ತಳ್ಳಬಹುದು, ಪಕ್ಕದಿಂದ ಒಂದು ಪೆಟ್ಟು ಬಿದ್ದರೆ ಉಳಿದರ್ಧವೂ ಹೋಗುತ್ತದೆ, ಆಮೇಲೆ ಕಬಡ್ಡಿ ಇರಲಿ, ಬಸ್ಸಿನ ಮೆಟ್ಟಿಲು ಹತ್ತುವುದಕ್ಕೂ ಯೋಚಿಸಬೇಕು ಅಂದರು ಡಾಕ್ಟರು. ನಾನು ಆಡಬೇಡ ಅಂದೆ. ಇದು ಅವನ ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ಈ ಫೈನಲ್ ನೋಡಿಯೇ ಆರಿಸುವುದು. “ಇದೊಂದ್ ಆಡ್ಬುಡ್ತೀನಿ ಕಣಕ್ಕ, ಆಮೇಲೆ ನೀನ್ ಹೇಳ್ದಂಗೆ ಕೇಳ್ತೀನಿ. ಯಾರ್ಗೂ ಹೇಳ್ಬೇಡ. ಭಾವಂಗೂ ಹೇಳ್ಬೇಡ” ಅಂತ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡ.

ನಿಮಗೆ ಹೇಳಿದೆ. ಗಂಡನಿಗೆ ಹೇಳುವುದು ಬೇರೆಯವರಿಗೆ ಹೇಳಿದ ಹಾಗಲ್ಲ ಅಂದುಕೊಂಡಿದ್ದೆ. ಎಷ್ಟು ಚೆನ್ನಾಗಿ ಕೇಳಿದಿರಿ ಆವತ್ತು. ಮೈತ್ರಿಯ ಕಾಲಿಗೆ ಎಣ್ಣೆ ತಿಕ್ಕುತ್ತಾ, “ಪಾಪ, ಜೋಪಾನವಾಗಿ ಆಡು ಅಂತ ಹೇಳು” ಅಂದಿರಿ. ಆ ‘ಪಾಪ’ ಈಗ ನೆನಪಾದರೆ ಮೈ ಉರಿಯುತ್ತದೆ.

ಅದಕ್ಕಿಂತ ಹೆಚ್ಚು ಉರಿಯುವ ಇನ್ನೊಂದು ಸಂಜೆಯಿದೆ. ಹಾಸಿಗೆಯ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದೆ. ನೀವು ಪಕ್ಕದಲ್ಲಿ ಕೂತು, “ಕವನ, ನಿನ್ನ ಪ್ರಕಾರ ಸಿದ್ದೂನ ಹೆಂಗೆ ತಡೀಬೇಕು?” ಅಂತ ಕೇಳಿದಿರಿ. ನಂಜೇಶ್, ನಿಮಗೆ ಗೊತ್ತಿತ್ತೋ ಇಲ್ಲವೋ, ಹೆಚ್ಚುಕಡಿಮೆ ಒಂದು ವರ್ಷದಿಂದ ಹಾಲು, ಜ್ವರ, ಲಸಿಕೆ, ಡೈಪರ್ ಬಿಟ್ಟು ಬೇರೆ ಏನನ್ನೂ ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ಎಂ.ಎ. ಓದಿದ್ದೆ, ಕಾಲೇಜು ತಂಡದ ಎಡ ಕಾರ್ನರ್ ಆಗಿದ್ದೆ ಎಂಬುದು ನನಗೇ ಮರೆತುಹೋಗುತ್ತಿತ್ತು. ನೀವು ಕೇಳಿದ ತಕ್ಷಣ ಮಡಿಸಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಹಾಸಿಗೆಯನ್ನೇ ಅಂಕಣ ಮಾಡಿದೆ. ಬಟ್ಟೆ ಕ್ಲಿಪ್ಪುಗಳು ನಿಮ್ಮ ಏಳು ಹುಡುಗರು. ಮೈತ್ರಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ ಸಿದ್ದು.

ಹೇಳಿಕೊಟ್ಟೆ. ನಮ್ಮೂರು ಹೆಮ್ಮಿಗೆಯಲ್ಲಿ ನಾನೂ ಸಿದ್ದೂ ಆಡುತ್ತಿದ್ದ ಹೊಳೆದಂಡೆಯ ಮರಳು ಹೊಳೆಯ ಕಡೆಗೆ ಇಳಿಜಾರಾಗಿತ್ತು. ಹೊಳೆ ಕಡೆ ತಿರುಗಿದರೆ ಮರಳು ಕುಸಿದು ಬೀಳುತ್ತಿದ್ದೆವು. ಅದಕ್ಕೇ ಸಿದ್ದು ಚಿಕ್ಕಂದಿನಿಂದ ಎಡಗಾಲು ಊರಿ ದಂಡೆಯ ಕಡೆಗೇ ತಿರುಗುವುದನ್ನು ಕಲಿತ. ಈಗ ಮಟ್ಟವಾದ ಮ್ಯಾಟಿನ ಮೇಲೂ ಅವನ ಮೈಗೆ ಎಡಬಲ ಗೊತ್ತಿಲ್ಲ, ಹೊಳೆ ಯಾವ ಕಡೆ ಎನ್ನುವುದಷ್ಟೇ ಗೊತ್ತು. ಅವನು ಎಲ್ಲಿಗೆ ಹೋದರೂ ತಿರುಗುವುದು ಒಂದೇ ಕಡೆ. ಅಲ್ಲಿ ಮೊದಲೇ ಕಾದು ಹಿಮ್ಮಡಿ ಹಿಡಿದುಬಿಟ್ಟರೆ ಮುಗಿಯಿತು ಅಂದೆ. ಹಿಮ್ಮಡಿ ಅಂದೆ ನಾನು. ಮಂಡಿ ಅನ್ನಲಿಲ್ಲ. ನೀವು ಎಲ್ಲವನ್ನೂ ಕೇಳಿ, ನನ್ನ ತಲೆ ಸವರಿ, “ನೀನು ಕೋಚ್ ಆಗ್ಬೇಕಿತ್ತು ಕಣೇ” ಅಂದಿರಿ. ಆ ಒಂದು ಮಾತಿನಲ್ಲಿ ನಾನು ಮೂರು ದಿನ ಖುಷಿಯಾಗಿದ್ದೆ. ಅಡುಗೆಮನೆಯಲ್ಲಿ ಒಬ್ಬಳೇ ಹಾಡಿಕೊಳ್ಳುತ್ತಿದ್ದೆ. ನೀವು ಹೋಗಿ, ನಾನು ಬೇರೆ ಬೇರೆ ದಿನ ಹೇಳಿದ ಎರಡು ಮಾತನ್ನು, ಅವನ ತಿರುಗುವ ಕಾಲು ಒಂದು, ಹರಿದ ನಾರು ಒಂದು, ಒಟ್ಟಿಗೆ ಹೊಲಿದು ಆ ಹುಡುಗನ ಭುಜಕ್ಕೆ ಕಟ್ಟಿದಿರಿ.

ನಿಮ್ಮ ಹೊಟ್ಟೆಯ ಉರಿ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಪ್ರತಿ ಸಲ ಫೈನಲ್ಲಿಗೆ ಬಂದು ನರಸೀಪುರದ ಎದುರು ಸೋತಿದ್ದೀರಿ, ಪ್ರತಿ ಸಲ ಸಿದ್ದುವಿನಿಂದಲೇ ಸೋತಿದ್ದೀರಿ. ಹೋದ ಹಬ್ಬದಲ್ಲಿ ಹೆಮ್ಮಿಗೆಯಲ್ಲಿ ಊಟಕ್ಕೆ ಕೂತಾಗ ನಮ್ಮಪ್ಪ ಸುಮ್ಮನಿರಲಾರದೆ, “ಅಳಿಯಂದ್ರೇ, ನಿಮ್ಮುಡುಗ್ರಿಗೆ ನಮ್ ಸಿದ್ದೂ ಕಾಲಿರ್ಲಿ, ಕಾಲ್ ಧೂಳೂ ಸಿಗಾಕಿಲ್ವಲ್ಲ” ಅಂದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆದರೆ ಆಮೇಲೆ ಕೋಳಿ ಸಾರು ಹಾಕಲು ಬಂದ ಅವ್ವನಿಗೆ ಕೈ ಅಡ್ಡ ಹಿಡಿದಿರಿ. ನಾನು ಆವತ್ತೇ ಅಪ್ಪನನ್ನು ಹಿತ್ತಲಿಗೆ ಕರೆದು ಬೈದೆ. “ನಿಂಗೆ ಹುಚ್ಚಯ್ಯ ಅಂತ ಹೆಸರಿಟ್ಟಿದ್ದಕ್ಕೂ ಸರಿಹೋಯ್ತು” ಅಂತಲೂ ಅಂದುಬಿಟ್ಟೆ. “ಮಾತ್ಗೆ ಅಂದೆ ಕಣವ್ವ, ಭಾವ ಭಾಮೈದ್ರು ನಡುವೆ ಇಲ್ದೆ ಇನ್ಯಾರ್ ನಡುವೆ ತಮಾಸೆ” ಅಂದು ಆಮೇಲೆ ಅವರೂ ಮುಖ ಸಣ್ಣ ಮಾಡಿಕೊಂಡಿದ್ದರು. ನಿಮ್ಮ ಪರವಾಗಿ ಹೆತ್ತ ಅಪ್ಪನ ಮೇಲೆ ರೇಗಿದವಳು ನಾನು. ಇದು ನಿಮಗೆ ಗೊತ್ತಿರಲಿ.

ಈಗ ಎದ್ದು ಬೀದಿ ಬಾಗಿಲಿಗೆ ಹೋಗಿ ಬಂದೆ. ಚನ್ನಯ್ಯಣ್ಣ ಎದುರುಗಡೆ ಟೆಂಪೊಗೆ ಸೊಪ್ಪಿನ ಕಟ್ಟು ತುಂಬುತ್ತಿದ್ದ. ನರಸೀಪುರದ ಸಂತೆಗೆ ಹೋಗುವವನು. ನೀವು ಉಳಿದಿರುವ ಸಮುದಾಯ ಭವನಕ್ಕೆ ಒಂದು ಕಾಗದ ಕೊಡಬೇಕು, ಇನ್ನೊಂದು ಸ್ವಲ್ಪ ಹೊತ್ತು ಕಾಯಬೇಕು ಅಂದೆ. “ಅಂಗೈಯಲ್ಲಿ ಫೋನ್ ಮಡಿಕ್ಕೊಂಡು ಕಾಗ್ದ ಬರೀತಿದ್ದೀಯಲ್ಲವ್ವ, ಮೇಷ್ಟ್ರು ಮ್ಯಾಲೆ ಮುನಿಸಾ?” ಅಂತ ಕೇಳಿದ. ಮುನಿಸಲ್ಲಣ್ಣ, ಕೋಪ ಅಂದೆ. “ಅಂಗಾದ್ರೆ ಬಿರ್ರನೆ ಬರಿ. ಸೊಪ್ಪು ಬಾಡೋಯ್ತದೆ, ಕೋಪ ಬಾಡಾಕಿಲ್ಲ” ಅಂದ. ಅವನ ಮಾತಿಗೆ ನಗು ಬರಬೇಕಿತ್ತು. ಬರಲಿಲ್ಲ.

ನೀವು ಕೇಳಬಹುದು, ನನಗೆ ಇಷ್ಟು ಬರೆಯುವ ಬದಲು ತಮ್ಮನಿಗೇ ಫೋನು ಮಾಡಿ ಎಚ್ಚರಿಸಬಹುದಿತ್ತಲ್ಲ ಎಂದು. ಎರಡು ಸಲ ಅವನ ನಂಬರು ತೆಗೆದು ಇಟ್ಟೆ. ಮಂಡಿಗೆ ಬೀಳುತ್ತಾರೆ ಕಣೋ ಅಂದರೆ ಅವನು ಹೆದರುವ ಹುಡುಗನಲ್ಲ, ಬೀಳಲಿ ನೋಡೋಣ ಅಂತ ಆ ಮೂಲೆಗೇ ಹೋಗುವ ಹುಡುಗ. ಮೇಲಾಗಿ, ಮಂಡಿಯ ವಿಷಯ ಅವರಿಗೆ ಹೇಗೆ ತಿಳಿಯಿತು ಎಂದು ಒಂದೇ ಒಂದು ಪ್ರಶ್ನೆ ಕೇಳುತ್ತಾನೆ. ಅವರ ತರಬೇತುದಾರರಿಗೆ ಹೇಳಿದರೆ ಆಟದಿಂದಲೇ ತೆಗೆಯುತ್ತಾರೆ. ಆರಿಸುವವರ ಎದುರು ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಅದನ್ನೂ ಮಾಡಲು ನಾನು ಸಿದ್ಧಳಿದ್ದೇನೆ. ಆದರೆ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ, ಏಕೆಂದರೆ ಈ ಗಂಟು ಹಾಕಿದವರು ನೀವು, ನೀವೇ ಬಿಚ್ಚಬೇಕು.

ನಿಮಗೆ ಗೆಲ್ಲಬೇಕು, ಅಷ್ಟೇ ತಾನೆ? ಗೆಲ್ಲಿ. ನಾನೇ ಗೆಲ್ಲಿಸುತ್ತೇನೆ. ಕೇಳಿಸಿಕೊಳ್ಳಿ.

ಸಿದ್ದುವನ್ನು ಹಿಡಿಯಲು ಹೋಗುವುದೇ ನೀವು ಪ್ರತಿ ಸಲ ಮಾಡುವ ತಪ್ಪು. ಅವನು ಬಂದ ತಕ್ಷಣ ನಿಮ್ಮ ಹುಡುಗರು ಮೈಮೇಲೆ ಬೀಳುತ್ತಾರೆ, ಅವನಿಗೆ ಬೇಕಾದ್ದೂ ಅದೇ. ಮೈ ತಾಕಿದರೆ ಅವನಿಗೆ ಪಾಯಿಂಟು. ಈ ಸಲ ಯಾರೂ ಮುಟ್ಟಬೇಡಿ. ಎಲ್ಲರೂ ಹಿಂದಕ್ಕೆ ಸರಿದು ನಿಲ್ಲಿ, ಬೋನಸ್ ಗೆರೆ ದಾಟಿ ಪಾಯಿಂಟು ಕದಿಯದ ಹಾಗೆ ಮಾತ್ರ ಕಾಯಿರಿ, ಬರಿಗೈಯಲ್ಲಿ ವಾಪಸು ಕಳಿಸಿ. ಅವರ ತಂಡ ಸತತ ಎರಡು ರೈಡು ಬರಿಗೈಯಲ್ಲಿ ಹೋದರೆ ಮೂರನೆಯದರಲ್ಲಿ ಪಾಯಿಂಟು ತರಲೇಬೇಕು, ಇಲ್ಲವೆ ರೈಡರ್ ಔಟ್. ಆ ಮೂರನೆಯದಕ್ಕೆ ಅವರು ಸಿದ್ದುವನ್ನೇ ಕಳಿಸುತ್ತಾರೆ. ಆಗಲೂ ಆತುರ ಬೇಡ. ಗಡಿಯಾರ ಓಡಲಿ. ನೀವು ಅವನನ್ನು ಬೆನ್ನಟ್ಟಬೇಕಾಗಿಲ್ಲ, ಗಡಿಯಾರ ಬೆನ್ನಟ್ಟುತ್ತದೆ. ಅವನಿಗೆ ಕಾಯಲು ಬರುವುದಿಲ್ಲ. ಚಿಕ್ಕವನಿದ್ದಾಗ ಒಲೆಯ ಮೇಲಿನ ಕಡಲೆಕಾಯಿಯನ್ನು ಬೇಯುವ ಮುಂಚೆಯೇ ತೆಗೆದು ತಿಂದು ಬಾಯಿ ಸುಟ್ಟುಕೊಳ್ಳುತ್ತಿದ್ದ ಹುಡುಗ ಅವನು.

ಇನ್ನು ಯಾವಾಗ ಹಿಡಿಯಬೇಕು ಎನ್ನುವುದು. ಇದನ್ನು ಹಾಸಿಗೆಯ ಮೇಲೆ ಕ್ಲಿಪ್ಪು ಇಟ್ಟು ತೋರಿಸಿದಾಗ ಹೇಳಿರಲಿಲ್ಲ. ಅಷ್ಟು ಖುಷಿಯಲ್ಲೂ ಇದೊಂದನ್ನು ನನ್ನಲ್ಲೇ ಇಟ್ಟುಕೊಂಡಿದ್ದೆ. ಅವನು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತಾನಲ್ಲ, ಊರಿಗೆಲ್ಲ ಕೇಳುವ ಹಾಗೆ. ಹಾರುವ ಮುಂಚೆ ಆ ದನಿ ತಗ್ಗುತ್ತದೆ. ನಿಲ್ಲುವುದಿಲ್ಲ, ಬರೀ ತಗ್ಗುತ್ತದೆ, ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ. ಅವನಿಗೇ ಅದು ಗೊತ್ತಿಲ್ಲ. ಹೊಳೆದಂಡೆಯಲ್ಲಿ ಅವನನ್ನು ನಾನು ಎಷ್ಟು ಸಲ ಕೆಡವಿದ್ದರೂ ಕೆಡವಿದ್ದು ಆ ದನಿ ಕೇಳಿಯೇ. ಅಕ್ಕನಿಗೆ ಮಂತ್ರ ಬರುತ್ತದೆ ಅಂತ ಊರ ಹುಡುಗರಿಗೆಲ್ಲ ಹೇಳುತ್ತಿದ್ದ.

ಅಲ್ಲಿ ಜನ ಕಿರುಚುತ್ತಾರೆ, ಅದು ಅವರ ಊರು. ದನಿ ಕೇಳಿಸದಿದ್ದರೆ ಗಂಟಲು ನೋಡಲಿ. ಉಬ್ಬಿದ ಗಂಟಲು ಇಳಿದ ತಕ್ಷಣ ನಡುವಿನ ಇಬ್ಬರು ಕೈಗೆ ಕೈ ಬೆಸೆದು ಮುಂದೆ ಬರಲಿ. ಹೊತ್ತು ಮೀರುತ್ತಾ ಬಂದಾಗ ಅವನು ಮೂಲೆಗೆ ಹೋಗುವುದಿಲ್ಲ, ಬಲಗೈ ಚಾಚಿ ನಡುವಿಗೇ ಹಾರುತ್ತಾನೆ. ಕಾಲು ಊರುವ ಮುಂಚೆಯೇ ಸೊಂಟಕ್ಕೆ ಹಿಡಿದು ಎತ್ತಲಿ. ಎತ್ತಿದ ಮೇಲೆ ಮಂಡಿಯ ಮೇಲೆ ಭಾರವೇ ಇಲ್ಲ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಬೆನ್ನ ಮೇಲೆ ಇಳಿಸಲಿ. ಒಂದು ಆಟದಲ್ಲಿ ಹೀಗೆ ಮೂರು ಸಲ ಆದರೆ ಸಾಕು, ಅವನ ಧೈರ್ಯವೇ ಕರಗುತ್ತದೆ. ಕಪ್ಪು ನಿಮ್ಮದು. ನನ್ನ ತಮ್ಮ ಸೋಲುತ್ತಾನೆ, ಆದರೆ ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುತ್ತಾನೆ. ಆರಿಸುವವರು ಒಂದು ಸೋಲನ್ನು ನೋಡಿ ಬಿಡುವುದಿಲ್ಲ. ಬಿಟ್ಟರೆ ಬಿಡಲಿ.

ಒಂದು ಮಾತು ರಂಗನಾಯಕನ ಬಗ್ಗೆ. ಅವನು ಕೆಟ್ಟ ಹುಡುಗನಲ್ಲ. ಉಂಡ ಮೇಲೆ ತಟ್ಟೆ ತೊಳೆದಿಟ್ಟು, ಮೈತ್ರಿಗೆ ತನ್ನ ಸೀಟಿ ಕೊಟ್ಟು ಆಡಿಸಿ ಹೋದವನು. ಒಬ್ಬನ ಕಾಲು ಮುರಿದ ಸದ್ದನ್ನು ತನ್ನ ಭುಜದ ಕೆಳಗೆ ಕೇಳಿದ ಮೇಲೆ ಅವನು ಹೇಗೆ ಉಣ್ಣುತ್ತಾನೆ? ಕೇಳಿದವರಿಗೆ ಸಾ ಹೇಳಿದ್ರು ಅನ್ನುತ್ತಾನೆ. ನೀವು ಏನು ಹೇಳುತ್ತೀರಿ? ಯಾರು ಹೇಳಿದರು ಅನ್ನುತ್ತೀರಿ?

ಮೈಗೆ ಒಂದು ತಿಂಗಳು ಕಲಿಸಿದ್ದನ್ನು ಬಾಯಿಮಾತಿನಲ್ಲಿ ಮರೆಸಲಾಗುವುದಿಲ್ಲ. ಇದು ನಿಮಗೂ ಗೊತ್ತು. ಮ್ಯಾಟಿನ ಮೇಲೆ ನಿಂತಾಗ ಬೇಡ ಕಣೋ ಅಂದರೆ ಅವನ ತಲೆ ಹೂಂ ಅನ್ನುತ್ತದೆ, ಭುಜ ಬಿದ್ದುಬಿಡುತ್ತದೆ. ಅದಕ್ಕೇ ಹೇಳುತ್ತಿರುವುದು, ಕಾಗದ ಕೈಗೆ ಬಂದ ಕೂಡಲೇ ಹುಡುಗರನ್ನು ಎಬ್ಬಿಸಿ. ಭವನದ ಅಂಗಳದಲ್ಲಿ ನಿಲ್ಲಿಸಿ, ಕೃಷ್ಣನನ್ನು ಸಿದ್ದು ಅಂದುಕೊಂಡು ಸೊಂಟಕ್ಕೆ ಹಿಡಿದು ಎತ್ತುವುದನ್ನು ಮಾಡಿಸಿ, ಮೈ ಬೆವರುವ ತನಕ. ಚೀಲದಿಂದ ಫೋನು ತೆಗೆದು ರಂಗನಾ‍ಯಕನ ಕೈಗೆ ಕೊಡಿ. ನಾನೇ ಅವನಿಗೆ ಹೇಳಿಕೊಡುತ್ತೇನೆ. ಅದು ನನ್ನ ತಮ್ಮ ಎಂದೂ ನಾನೇ ಹೇಳುತ್ತೇನೆ, ನಿಮಗೆ ಆ ಕಷ್ಟ ಬೇಡ.

ನಮ್ಮ ಮದುವೆಯ ಮಾತಿಗೆ ಬಂದಾಗ ನೀವು ಅವ್ವನಿಗೆ ಹೇಳಿದ್ದಿರಿ, ನಿಮ್ಮ ಮಗಳ ಆಟ ನೋಡಿದ್ದೀನಿ, ಹಿಡಿದ ಕಾಲು ಬಿಡೋಳಲ್ಲ ಅಂತ. ಅವ್ವ ಅದನ್ನು ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾಳೆ. ನಾನು ನಿಮ್ಮ ಕಾಲು ಹಿಡಿದು ಬೇಡುತ್ತೇನೆ ಅಂದುಕೊಳ್ಳಬೇಡಿ. ನಾನು ಬೇಡುವುದಕ್ಕೆ ಕಾಲು ಹಿಡಿದವಳಲ್ಲ. ಆರು ಗಂಟೆಯವರೆಗೆ ಫೋನು ಬರದಿದ್ದರೆ ಮೈತ್ರಿಯನ್ನು ಎತ್ತಿಕೊಂಡು ಮೊದಲ ಬಸ್ಸು ಹತ್ತುತ್ತೇನೆ. ಸೀದಾ ಅವರ ತಂಡದ ಬೆಂಚಿಗೆ ಹೋಗಿ, ಅವರ ತರಬೇತುದಾರರ ಎದುರು, ಸಿದ್ದುವಿನ ಎದುರು, ನಿಮ್ಮ ಹುಡುಗರ ಎದುರು, ಎಲ್ಲವನ್ನೂ ಹೇಳುತ್ತೇನೆ. ನನ್ನ ಪಾಲಿನದನ್ನೂ ಸೇರಿಸಿಯೇ ಹೇಳುತ್ತೇನೆ. ಆಮೇಲೆ ಅವನು ನನ್ನ ಮನೆಗೆ ಬರುವುದಿಲ್ಲ. ನೀವು ಹೆಮ್ಮಿಗೆಗೆ ಹೋಗುವ ಹಾಗಿರುವುದಿಲ್ಲ. ಅಷ್ಟಾದರೂ ಅವನ ಮಂಡಿ ಉಳಿಯುತ್ತದೆ.

ಹಿಡಿದದ್ದನ್ನು ಬಿಡದವಳು,
ಕವನ

ಮತ್ತೆ ಬರೆದದ್ದು: ಇದನ್ನು ನಿಮಗೆ ಹೇಳಬಾರದು ಎಂದೇ ಸಹಿ ಹಾಕಿ ಮುಗಿಸಿದ್ದೆ. ಲಕೋಟೆಗೆ ಅಂಟು ಹಚ್ಚಲು ಕೈ ಬರುತ್ತಿಲ್ಲ.

ನಿನ್ನೆ ಸಂಜೆ ಅವ್ವ ಫೋನು ಮಾಡಿದ್ದಳು. ಎರಡು ದಿನದ ಹಿಂದೆ ನರಸೀಪುರದ ತರಬೇತುದಾರರು ಸಿದ್ದುವನ್ನು ಪಕ್ಕಕ್ಕೆ ಕರೆದು, ನಿಮ್ಮಕ್ಕ ಅವರ ಮನೆಯಲ್ಲೇ ಇದ್ದಾಳಲ್ಲ, ನಂಜೇಶ್ ಈ ಸಲ ಏನು ಪ್ಲಾನ್ ಮಾಡಿದ್ದಾರೆ ಅಂತ ಸುಮ್ಮನೆ ಮಾತಿಗೆ ಮಾತು ತೆಗೆದು ಕೇಳು ಅಂದರಂತೆ. ಅವನು, “ಅದು ನಮ್ಮಕ್ಕ ಬಾಳೋ ಮನೆ ಸಾ. ಅಲ್ಲಿಂದ ನಾನು ಏನೂ ತರಾಕಿಲ್ಲ” ಅಂದುಬಿಟ್ಟನಂತೆ. ಸಾರ್ ಮೇಲೇ ರೇಗ್ಬುಟ್ಟ ಕಣವ್ವ, ಇವನ್ಗೇನ್ ಬಂತು ದೊಡ್ರೋಗ ಅಂತ ಅವ್ವ ಗೊಣಗುತ್ತಿದ್ದಳು. ಅವಳು ಫೋನ್ ಇಟ್ಟ ಮೇಲೆ ಸಿದ್ದು ಮಾಡಿದ. ತುಂಬಾ ಹೊತ್ತು ಮಾತಾಡಿದ. ಮೈತ್ರಿಗೆ ಹಲ್ಲು ಎಷ್ಟು ಬಂತು, ಮಾಮ ಅನ್ನುತ್ತಾಳಾ, ಬರುವಾಗ ಏನು ತರಲಿ. ಕಬಡ್ಡಿಯ ಒಂದು ಮಾತಿಲ್ಲ. ಇಡುವ ಮುಂಚೆ, “ಭಾವಂಗೆ ಆಲ್ ದಿ ಬೆಸ್ಟ್ ಹೇಳಕ್ಕ” ಅಂದ. ಇಗೋ, ಹೇಳಿದ್ದೇನೆ.

ಅವನು ಈ ಮನೆಯಿಂದ ಏನೂ ಒಯ್ಯಲಿಲ್ಲ. ನಾನು ಅವನ ಮಂಡಿಯನ್ನು ತಂದು ನಿಮಗೆ ಕೊಟ್ಟೆ. ಈಗ ಅವನ ದನಿಯನ್ನೂ ಕೊಟ್ಟಿದ್ದೇನೆ. ಇನ್ನು ನನ್ನ ಹತ್ತಿರ ಅವನದು ಅಂತ ಏನೂ ಉಳಿದಿಲ್ಲ.

ಚನ್ನಯ್ಯಣ್ಣ ಹಾರನ್ ಮಾಡುತ್ತಿದ್ದಾನೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ, ಅದರ ಬಗ್ಗೆ ನೀವು ಬಂದ ಮೇಲೆ ಮಾತಾಡೋಣ. ಈಗ ಫೋನು ಮಾಡಿ. ಬೈಯುವುದಿದ್ದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಮಾತೇ ಬೇಡ ಅನ್ನಿಸಿದರೆ ಒಂದು ಮಿಸ್ಡ್ ಕಾಲ್ ಕೊಡಿ, ಒಂದೇ ಒಂದು ರಿಂಗು, ಹುಡುಗರನ್ನು ಎಬ್ಬಿಸಿದಿರಿ ಅಂತ ತಿಳಿದುಕೊಳ್ಳುತ್ತೇನೆ. ಮಗು ಎದ್ದರೆ ಏಳಲಿ, ಫೋನಿನ ಸದ್ದು ಜೋರಾಗಿಯೇ ಇಟ್ಟಿದ್ದೇನೆ. ಬೆಳಗಾಗುವುದರೊಳಗೆ ಮಾಡ್ರೀ.